ಗೋಡೆಗೆ ಅಂಟಿಸಿದ ಗಾಜು

ಮಣ್ಣೆತ್ತಿನ ಅಮಾವಾಸ್ಯೆಯ ಬೆಳಿಗ್ಗೆ ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಳಗಿನ ಒಂದು ಓಣಿಯಲ್ಲಿದ್ದೆ. ಹಬ್ಬದ ದಿನ ನಾನು ಕೆಲಸಕ್ಕೆ ಹೊರಡುವುದು ಮನೆಯಲ್ಲಿ ಯಾರಿಗೂ ಇಷ್ಟವಿಲ್ಲ. ಆದರೆ ಆ ಓಣಿಯ ಒಂದು ಮನೆಯ ಗೋಡೆಗೆ ಮೇ ತಿಂಗಳಲ್ಲಿ ಎರಡು ಗಾಜಿನ ಪಟ್ಟಿ ಅಂಟಿಸಿ ಬಂದಿದ್ದೆ. ಆಮೇಲೆ ಎರಡು ವಾರ ಚಲೋ ಮಳೆಯಾಗಿತ್ತು. ಗಾಜು ಏನಾಗಿದೆ ಅಂತ ನೋಡುವ ತನಕ ನನಗೆ ಸಮಾಧಾನವಿರಲಿಲ್ಲ.

ಆ ಮನೆಯ ಪಕ್ಕದ ಕಟ್ಟೆಯ ಮೇಲೆ ಅಜ್ಜಿಯೊಬ್ಬರು ಮಣ್ಣು ನಾದುತ್ತಾ ಕೂತಿದ್ದರು. ಕಪ್ಪು ಎರಿ ಮಣ್ಣು. ಪಕ್ಕದಲ್ಲಿ ಒಂದು ಬೋಗುಣಿ ನೀರು, ಒಂದು ಹಿಡಿ ಹತ್ತಿ. ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ಮಣ್ಣಿಗೆ ಸೇರಿಸಿ, ಮತ್ತೆ ನಾದುತ್ತಿದ್ದರು.

"ಹತ್ತಿ ಯಾಕ್ರೀ ಅಜ್ಜಿ?" ಅಂದೆ.

"ಬರೇ ಎರಿ ಮಣ್ಣಿಲೆ ಮಾಡಿದ್ರ, ಒಣಗಿದ ಮ್ಯಾಲ ಎತ್ತಿನ ಬೆನ್ನು ಸೀಳತೈತವ್ವಾ" ಅಂದರು.

ಮೊದಲು ಹೊಟ್ಟೆ ಮಾಡಿದರು. ಆಮೇಲೆ ನಾಲ್ಕು ಕಾಲು, ಡುಬ್ಬ, ಕೋಡು. ಕಣ್ಣಿಗೆ ಎರಡು ಗುಲಗಂಜಿ ಒತ್ತಿದರು. ಒದ್ದೆ ಬೆರಳಿನಿಂದ ಬೆನ್ನು ಸವರಿ, ಜೋಡಿ ಎತ್ತುಗಳನ್ನು ಬಾಗಿಲ ಒಳಗಿನ ನೆರಳಿಗೆ ಇಟ್ಟರು. ಬಿಸಿಲಿಗೆ ಇಟ್ಟರೆ ಬೇಗ ಒಣಗಿ ಬಿರುಕು ಬಿಡುತ್ತವಂತೆ. ಹೊಸ ಸ್ಲ್ಯಾಬ್‌ಗೆ ಕಡಿಮೆ ಅಂದರೂ ಏಳೆಂಟು ದಿನ ನೀರು ಕಟ್ಟಿ ನಿಲ್ಲಿಸಿ, ಬೇಗ ಒಣಗಲು ಬಿಡಬೇಡಿ ಅಂತ ಎಷ್ಟು ಸೈಟ್‌ಗಳಲ್ಲಿ ಎಷ್ಟು ಸಲ ಹೇಳಿದ್ದೇನೋ. ಅದೇ ಮಾತನ್ನು ಅಜ್ಜಿಯ ಕೈ ಹೇಳುತ್ತಿತ್ತು.

ನನ್ನ ಕೆಲಸ ಮನೆ ನೋಡುವುದು. ಯಾರಾದರೂ ಕಟ್ಟಿದ ಮನೆ ಕೊಳ್ಳಬೇಕು ಅಂದರೆ, ಮುಂಗಡ ಕೊಡುವ ಮೊದಲು ನನ್ನನ್ನು ಕರೆಯುತ್ತಾರೆ. ನಾನು ಬುನಾದಿಯಿಂದ ಟೆರೇಸ್‌ನ ಟಾಕಿ ತನಕ ನೋಡಿ, ಕಂಡದ್ದನ್ನು ಫೋಟೋ ಸಮೇತ ಬರೆದು ಕೊಡುತ್ತೇನೆ. ಒಂದು ಮನೆಗೆ ಮೂರು ತಾಸು ಬೇಕು. ಮಾಲೀಕತ್ವದ ಉತಾರ, ಋಣಭಾರ ತೋರಿಸುವ ಇಸಿ, ಕೃಷಿಯೇತರ ಜಾಗ ಅನ್ನುವ ಎನ್‌ಎ ಕಾಗದ ಇವೆಲ್ಲ ವಕೀಲರ ಕೆಲಸ. ನಮ್ಮ ಊರಿನಲ್ಲಿ ಕಾಗದ ಮಾತ್ರ ಎಲ್ಲರೂ ಎರಡೆರಡು ಸಲ ತೋರಿಸುತ್ತಾರೆ. ಗೋಡೆಯನ್ನು ಯಾರಿಗೂ ತೋರಿಸುವುದಿಲ್ಲ. ಮೂವತ್ತು ನಲವತ್ತು ಲಕ್ಷ ಸಾಲ ಮಾಡಿ, ಇಪ್ಪತ್ತು ವರ್ಷ ಕಂತು ಕಟ್ಟುವವರು ಮನೆಯೊಳಗೆ ನಿಲ್ಲುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಇದು ನನಗೆ ಬಹಳ ನೋವಿನ ಸಂಗತಿ.

ನಮ್ಮಪ್ಪ ಗವಂಡಿ. ಮುಟ್ಟಿದ ಗೋಡೆ ತೂಗುಗುಂಡಿನ ದಾರಕ್ಕೆ ಸರಿಯಾಗಿ ನಿಲ್ಲುವ ತನಕ ಊಟಕ್ಕೆ ಏಳುತ್ತಿರಲಿಲ್ಲ. ನಾನು ಹುಬ್ಬಳ್ಳಿಯಲ್ಲೇ ಸಿವಿಲ್ ಡಿಪ್ಲೊಮಾ ಮಾಡಿದೆ. 14 ವರ್ಷ ಸೈಟ್ ಸೂಪರ್‌ವೈಸರ್ ಆಗಿದ್ದೆ. ಅಷ್ಟರಲ್ಲಿ 2019ರ ಮಾರ್ಚ್ 19 ಬಂತು. ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಬಿತ್ತು. 19 ಜನ ತೀರಿಕೊಂಡರು. ನನಗೆ ಆ ಕಟ್ಟಡದ ಸಂಬಂಧ ಏನೂ ಇರಲಿಲ್ಲ. ಆದರೂ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾನು ನಿಂತು ಕಾಂಕ್ರೀಟ್ ಹಾಕಿಸಿದ ಕಂಬಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ. ಯಾವುದಕ್ಕೆ ಒಳಗಿನ ಕಬ್ಬಿಣದ ರಿಂಗ್ ದೂರ ದೂರ ಕಟ್ಟಿದ್ದರು, ಎಲ್ಲಿ ನೀರು ಜಾಸ್ತಿ ಆಗಿ ಮಾಲು ತೆಳ್ಳಗಿತ್ತು, ಎಲ್ಲಿ ನಾನು ಸುಮ್ನೆ ಇದ್ದೆ. ಮುಂದಿನ ವರ್ಷ ಆ ಕೆಲಸ ಬಿಟ್ಟೆ. ಮೊದಲು ನೆಂಟರ ಮನೆ ನೋಡಿಕೊಟ್ಟೆ. ಅವರು ಇನ್ನೊಬ್ಬರಿಗೆ ಹೇಳಿದರು. ಹಾಗೇ ಇದು ನನ್ನ ಹೊಟ್ಟೆಪಾಡಾಯಿತು.

ನಮ್ಮಲ್ಲಿ ಮನೆ ನೋಡುವುದು ಅಂದರೆ ಮೊದಲು ನೆಲ ನೋಡುವುದು. ಹುಬ್ಬಳ್ಳಿ ಧಾರವಾಡದ ನಡುವೆ ಇರುವುದು 20 ಕಿಲೋಮೀಟರ್. ಚಿಗರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದರೆ ಬುನಾದಿ ಅಗೆದ ಪ್ಲಾಟ್‌ಗಳು ಅಲ್ಲಲ್ಲಿ ಕಾಣುತ್ತವೆ. ಧಾರವಾಡದ ಕಡೆ ಗುಂಡಿಯ ಪಕ್ಕ ಗುಡ್ಡೆ ಹಾಕಿದ ಮಣ್ಣು ಜಾಸ್ತಿ ಕೆಂಪು. ಅದು ಮಸಾರಿ. ಹುಬ್ಬಳ್ಳಿಯ ಕಡೆ ಬಂದ ಹಾಗೆ ಕಪ್ಪು ಕಾಣಿಸುತ್ತದೆ. ಕುಸುಗಲ್ಲು ದಾಟಿ ನವಲಗುಂದ, ಅಣ್ಣಿಗೇರಿ, ಗದಗಿನ ಕಡೆ ಹೋದರೆ ಕಣ್ಣು ಹಾಯುವ ತನಕ ಎರಿ ಹೊಲ. ನಡುವೆ ಎರಡೂ ಕಲೆತ ಜಾಗಗಳಿವೆ. ಒಂದೇ ಲೇಔಟ್‌ನಲ್ಲಿ ಈ ತುದಿಗೆ ಮೂರು ಅಡಿಗೆ ಗರಸು, ಅಂದರೆ ಜಲ್ಲಿಯಂಥ ಗಟ್ಟಿ ಮಣ್ಣು, ಸಿಕ್ಕರೆ ಆ ತುದಿಗೆ ಎಂಟು ಅಡಿ ಅಗೆದರೂ ಕಪ್ಪು ಮಣ್ಣೇ ಬರುತ್ತದೆ.

ರೈತನಿಗೆ ಎರಿ ಭೂಮಿ ಅಂದರೆ ಬಂಗಾರ. ಮಳೆ ನಿಂತ ಮೇಲೂ ಹಸಿ ಹಿಡಿದು ಇಟ್ಟುಕೊಳ್ಳುತ್ತದೆ. ಅದಕ್ಕೇ ಹಿಂಗಾರಿಯಲ್ಲಿ ಜೋಳ, ಕಡಲೆ, ಕುಸುಬಿ ಬೆಳೆಯುತ್ತವೆ. ಆ ಹಸಿ ಹಿಡಿಯುವ ಗುಣವೇ ಮನೆಗೆ ಕಷ್ಟ ತರುತ್ತದೆ. ಆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಕಣಗಳಿವೆ. ಅವು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಏಪ್ರಿಲ್‌ನಲ್ಲಿ ಎರಿ ಹೊಲಕ್ಕೆ ಹೋಗಿ ನೋಡಿ, ನೆಲದ ಬಿರುಕಿನಲ್ಲಿ ಅಂಗೈ ಇಳಿಯುತ್ತದೆ. ಜುಲೈನಲ್ಲಿ ಅದೇ ಜಾಗದಲ್ಲಿ ಬಿರುಕು ಮುಚ್ಚಿ, ಚಪ್ಪಲಿ ಕಿತ್ತು ಬರುವಷ್ಟು ಅಂಟು. ಅದರ ಮೇಲೆ ಮನೆ ಕೂತಿದ್ದರೆ ಏನಾಗಬೇಕು? ಮಳೆಗಾಲದಲ್ಲಿ ಮನೆಯ ಅಂಚಿನ ಮಣ್ಣಿಗೆ ಮೊದಲು ನೀರು ಸಿಗುತ್ತದೆ. ಅಂಚು ಏಳುತ್ತದೆ. ನಡುಮನೆಯ ಕೆಳಗಿನ ಮಣ್ಣು ಹಾಗೇ ಇರುತ್ತದೆ. ಬೇಸಿಗೆಗೆ ಅಂಚು ಮತ್ತೆ ಇಳಿಯುತ್ತದೆ. ಹೀಗೆ ವರ್ಷವರ್ಷವೂ ಮನೆಯನ್ನು ಕೆಳಗಿನಿಂದ ಎತ್ತಿ ಇಳಿಸಿದ ಹಾಗೆ.

ಇದಕ್ಕೆ ದಾರಿ ಇಲ್ಲ ಅಂತಲ್ಲ. ಗಟ್ಟಿ ಗರಸು ಸಿಗುವ ತನಕ ಅಗೆದು ಫುಟಿಂಗ್, ಅಂದರೆ ಕಂಬದ ಅಗಲ ಪಾದ, ಹಾಕಬೇಕು. ಕಪ್ಪು ಮಣ್ಣು ಬಹಳ ಆಳವಿದ್ದರೆ ತಳದಲ್ಲಿ ಗಡಿಗೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬ, ಅಂಡರ್ ರೀಮ್ಡ್ ಪೈಲ್, ನೆಲದೊಳಗೆ ಹಾಕಬೇಕು. ಬುನಾದಿಯ ಮೇಲಿನ ಕಾಂಕ್ರೀಟ್ ತೊಲೆ, ಅಂದರೆ ಪ್ಲಿಂತ್ ಬೀಮ್, ಸುತ್ತಲೂ ಒಂದೇ ಕಟ್ಟಿನ ಹಾಗೆ ಬರಬೇಕು. ಮನೆಯ ಸುತ್ತ, ಜಾಗ ಇದ್ದಷ್ಟು ಅಗಲಕ್ಕೆ, ಹೊರಗೆ ಇಳಿಜಾರಿರುವ ಕಾಂಕ್ರೀಟ್ ಹಾಸಬೇಕು. ಗೋಡೆಯ ಬುಡದಲ್ಲಿ ನೀರು ನಿಲ್ಲಲೇಬಾರದು. ಇವೆಲ್ಲ ಖರ್ಚಿನ ಮಾತು ನಿಜ. ಆದರೆ ಮುಂಬಾಗಿಲಿಗೆ ತೇಗದ ಕೆತ್ತನೆ ಮಾಡಿಸುವವರು ಬುನಾದಿಯಲ್ಲಿ ಎರಡು ಅಡಿ ಉಳಿಸುವುದನ್ನು ನೋಡಿದರೆ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಗಾಜು ಅಂಟಿಸಿದ ಮನೆಯ ವಿಷಯಕ್ಕೆ ಬರುತ್ತೇನೆ. 30 ಅಡಿಗೆ 40 ಅಡಿ ಪ್ಲಾಟು, ಕಟ್ಟಿ 11 ವರ್ಷ. ಮಾಲೀಕರು ನಿವೃತ್ತರು, ಮಗನ ಹತ್ತಿರ ಬೆಂಗಳೂರಿಗೆ ಹೋಗುವವರು. ಕೊಳ್ಳುವವರು ಗಂಡ ಹೆಂಡತಿ. ಗಂಡ ರೈಲ್ವೆ ವರ್ಕ್‌ಶಾಪ್‌ನಲ್ಲಿ, ಹೆಂಡತಿ ಕನ್ನಡ ಸಾಲಿ ಟೀಚರ್. ಒಂಬತ್ತು ವರ್ಷ ಬಾಡಿಗೆ ಮನೆಯಲ್ಲಿದ್ದು ದುಡ್ಡು ಕೂಡಿಸಿದ್ದಾರೆ. ಮನೆ ಅವರಿಗೆ ಬಹಳ ಹಿಡಿಸಿತ್ತು. ಆಕೆ ಆಗಲೇ ದೇವರ ಮನೆಯಲ್ಲಿ ಯಾವ ಫೋಟೋ ಎಲ್ಲಿ ಅಂತ ಲೆಕ್ಕ ಹಾಕಿದ್ದರು.

ನಾನು ಒಳಗೆ ಹೋಗುವ ಮೊದಲು ಹೊರಗೆ ಸುತ್ತು ಹಾಕುತ್ತೇನೆ. ಹಿಂದಿನ ಮೂಲೆಯಲ್ಲಿ, ಬಚ್ಚಲಿನ ನೀರು ಹೋಗುವ ಪೈಪಿನ ಕೆಳಗೆ, ಮೇ ತಿಂಗಳ ಬಿಸಿಲಿನಲ್ಲೂ ನೆಲ ಹಸಿಯಾಗಿತ್ತು. ಅಲ್ಲಿ ಒಂದು ಕೆಸುವಿನ ಗಿಡ ದಟ್ಟವಾಗಿ ಬೆಳೆದಿತ್ತು. ಉಳಿದ ಕಡೆ ಹುಲ್ಲೂ ಒಣಗಿತ್ತು. ಅದನ್ನು ಬರೆದುಕೊಂಡೆ.

ಒಳಗೆ ಹೊಸ ಬಣ್ಣದ ವಾಸನೆ. ಹೊಸ ಬಣ್ಣ ಹಚ್ಚಿದ್ದು ತಪ್ಪಲ್ಲ, ಮಾರುವಾಗ ಎಲ್ಲರೂ ಹಚ್ಚುತ್ತಾರೆ. ಆದರೆ ಬಣ್ಣ ಹೊಸದಿದ್ದರೆ ನಾನು ಕಿಟಕಿ ಎಲ್ಲ ಮುಚ್ಚಿ, ಟಾರ್ಚನ್ನು ಗೋಡೆಗೆ ತಾಗಿಸಿ ಹಿಡಿದು ಬೆಳಕು ಬಿಡುತ್ತೇನೆ. ಎದುರಿನಿಂದ ನೋಡಿದರೆ ನುಣ್ಣಗಿರುವ ಗೋಡೆ, ಬೆಳಕು ಪಕ್ಕದಿಂದ ಬಿದ್ದರೆ ಎಲ್ಲ ಹೇಳಿಬಿಡುತ್ತದೆ. ಪುಟ್ಟಿ ತುಂಬಿದ ಕಡೆ ಸಣ್ಣ ಏರು, ಅದರ ಪಕ್ಕ ಕೂದಲಿನಂಥ ನೆರಳು. ಹಿಂದಿನ ಮಲಗುವ ಕೋಣೆಯ ಕಿಟಕಿಯ ಮೇಲಿನ ಮೂಲೆಯಿಂದ ಛತ್ತಿನ ಕಡೆಗೆ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ, ಒಂದು ಗೆರೆ ಹೋಗಿತ್ತು. ನಡುಮನೆಯಲ್ಲಿ ಇನ್ನೊಂದು, ಅದು ನೇರವಾಗಿ ಮೇಲಿನಿಂದ ಕೆಳಗೆ.

ಬಿರುಕು ಕಂಡ ಕೂಡಲೇ ಹೆದರಬೇಕಿಲ್ಲ. ಗಿಲಾಯಿ, ಅಂದರೆ ಗೋಡೆಯ ಪ್ಲಾಸ್ಟರ್, ಬೇಗ ಒಣಗಿದರೆ ಜೇಡರ ಬಲೆಯಂಥ ಸಣ್ಣ ಬಿರುಕು ಬರುತ್ತವೆ. ಅವುಗಳಿಂದ ಮನೆಗೆ ತೊಂದರೆ ಇಲ್ಲ. ಕಾಂಕ್ರೀಟ್ ಕಂಬವೂ ಇಟ್ಟಂಗಿ ಗೋಡೆಯೂ ಕೂಡುವ ಕಡೆ ತಂತಿಯ ಜಾಳಿಗೆ ಹಾಕದೆ ಗಿಲಾಯಿ ಮಾಡಿದರೆ ನೇರ ಸೀಳು ಬರುತ್ತದೆ. ನಡುಮನೆಯದು ಅದೇ ಜಾತಿ. ಛತ್ತಿನ ಕೆಳಗೆ ಅಡ್ಡ ಗೆರೆ ಇದ್ದರೆ ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಕುಗ್ಗಿದ ಗುರುತು. ಸ್ಲ್ಯಾಬ್‌ನ ಅಡಿಯಲ್ಲಿ ಕಬ್ಬಿಣದ ಸಳಿ ಹೋದ ದಾರಿಯಲ್ಲೇ ಸೀಳು ಬಂದು, ಕಂದು ಕಲೆ ಇದ್ದರೆ ಒಳಗೆ ಕಬ್ಬಿಣ ತುಕ್ಕು ಹಿಡಿದಿದೆ. ಅದು ಗಂಭೀರ. ಬಾಗಿಲು ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಕಂಡರೆ ನಾನು ನೆಲದ ಕಡೆ ನೋಡುತ್ತೇನೆ.

ಆ ಕೋಣೆಯ ಬಾಗಿಲ ಮೇಲಿನ ಒಂದು ಮೂಲೆಗೆ ಉಜ್ಜುಗೊರಡು ಹೊಡೆದಿದ್ದರು. ಕಟ್ಟಿಗೆ ಮಳೆಗಾಲದಲ್ಲಿ ಉಬ್ಬಿದರೆ ಬಾಗಿಲಿನ ಇಡೀ ಅಂಚು ಹಿಡಿಯುತ್ತದೆ. ಚೌಕಟ್ಟೇ ವಾಲಿದ್ದರೆ ಒಂದೇ ಮೂಲೆ ಹಿಡಿಯುತ್ತದೆ, ಎದುರಿನ ಮೂಲೆಯಲ್ಲಿ ಸಂದಿ ಕಾಣುತ್ತದೆ. ಇಲ್ಲಿ ಒಂದು ಕಡೆ ಬೆರಳು ಹೋಗುವಷ್ಟು ಸಂದಿ, ಇನ್ನೊಂದು ಕಡೆ ಕಾಗದವೂ ಹೋಗುತ್ತಿರಲಿಲ್ಲ.

ಇಷ್ಟಾದ ಮೇಲೆ ನಾನು ಓಣಿಯಲ್ಲಿ ಮಾತಾಡಿಸುತ್ತೇನೆ. ಇದನ್ನು ಯಾವ ಡಿಪ್ಲೊಮಾದಲ್ಲೂ ಕಲಿಸುವುದಿಲ್ಲ. ನನ್ನ ಕೆಲಸದ ಅರ್ಧ ಭಾಗ ಕಟ್ಟೆಯ ಮೇಲೆ ನಡೆಯುತ್ತದೆ ಅಂದರೂ ಸರಿಯೇ. ಪಕ್ಕದ ಮನೆಯವರಿಗೆ ಎಲ್ಲ ಗೊತ್ತಿರುತ್ತದೆ. ಮನೆ ಕಟ್ಟುವಾಗ ಬುನಾದಿಯಲ್ಲಿ ನೀರು ಎದ್ದಿತ್ತಾ, ಮೊದಲು ಅಲ್ಲಿ ಬಾವಿ ಇತ್ತಾ, ಕೆರೆ ಮಣ್ಣು ತುಂಬಿದ ಜಾಗವಾ, ಜೋರು ಮಳೆಗೆ ಗಟಾರ ತುಂಬಿ ಯಾವ ಮನೆಯೊಳಗೆ ಬರುತ್ತದೆ, ಎಲ್ಲ. ಅವತ್ತು ಚಹಾ ಕೊಟ್ಟವರು ಇದೇ ಅಜ್ಜಿ.

"ಅವರ ಹಿಂದಿನ ಖೋಲಿ ಬಾಗಲಾ? ಮಳಿಗಾಲದಾಗ ಮುಚ್ಚಂಗಿಲ್ಲ, ಬ್ಯಾಸಗಿಗೆ ತಾನ ಸರಿ ಆಗತೈತಿ. ನಾಕೈದು ವರ್ಷ ಆತು" ಅಂದರು. ಆಮೇಲೆ ಮೆಲ್ಲಗೆ, "ಅವರು ಕೆಟ್ಟ ಮಂದಿ ಅಲ್ಲವ್ವಾ. ಅವರಿಗೂ ಏನ ಆಗೇತಿ ಅಂತ ಗೊತ್ತಿಲ್ಲ" ಅಂತ ಸೇರಿಸಿದರು.

ಆ ಮಾತು ನಿಜವಾಗಿತ್ತು. ಮಾಲೀಕರನ್ನು ಕೇಳಿದಾಗ ಅವರು ಏನೂ ಮುಚ್ಚಿಡಲಿಲ್ಲ. "ಪೇಂಟರ್ ಹೇಳಿದಾ, ಪುಟ್ಟಿ ತುಂಬಿದ್ರ ಆತು ಅಂತ. ತುಂಬಿಸಿದ್ನಿ ಮೇಡಮ್ಮಾರ. ಮುಂದಿನ ವರ್ಷ ಮತ್ತ ಬಂತು" ಅಂದರು. ಅವರ ಪಿಂಚಣಿ ದುಡ್ಡು, ಹೆಂಡತಿಯ ಬಂಗಾರ ಎಲ್ಲ ಆ ಗೋಡೆಯಲ್ಲಿದೆ.

ಆಗ ಗಾಜು ಅಂಟಿಸಿದೆ. ಇದು ಬಹಳ ಹಳೆಯ ಉಪಾಯ, ನಮ್ಮಪ್ಪನಿಂದ ಕಲಿತದ್ದು. ಬಿರುಕಿನ ಮೇಲಿನ ಬಣ್ಣ, ಪುಟ್ಟಿ ಕೆರೆದು, ತೆಳ್ಳನೆಯ ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಯನ್ನು ಪ್ಲಾಸ್ಟರ್‌ನಿಂದ ಕೂಡಿಸಬೇಕು. ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು. ಬಿರುಕಿನ ಆಚೆ ಈಚೆ ಎರಡು ಮೊಳೆ ಹೊಡೆದು, ನಡುವಿನ ಅಂತರ ಅಳೆದು ಬರೆದಿಡಬೇಕು. ಗೋಡೆ ಸುಮ್ಮನಿದ್ದರೆ ಗಾಜು ಸುಮ್ಮನಿರುತ್ತದೆ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಎರಡು ಬಿರುಕಿಗೂ ಒಂದೊಂದು ಹಚ್ಚಿದೆ. "ಒಂದು ಮಳೆ ನೋಡೋಣ, ಅಲ್ಲಿ ತನಕ ಮುಂಗಡ ಕೊಡಬೇಡಿ" ಅಂತ ಟೀಚರ್‌ಗೆ ಹೇಳಿದೆ. ಆಕೆಯ ಮುಖ ಸಣ್ಣದಾಯಿತು. ಮನೆ ಇಷ್ಟಪಟ್ಟವರಿಗೆ ಕಾಯಿರಿ ಅನ್ನುವುದು ಈ ಕೆಲಸದ ಅತಿ ಕಷ್ಟದ ಭಾಗ.

ವಿದ್ಯುತ್ತಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಾನು ನೋಡಿದ ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಹಿಂದೆ ಅರ್ಥಿಂಗ್ ವಾಯರೇ ಇರುವುದಿಲ್ಲ. ಬಚ್ಚಲಿನ ಗೀಜರ್‌ಗೆ ಇದು ಪ್ರಾಣದ ಪ್ರಶ್ನೆ. ಕರೆಂಟ್ ಸೋರಿದರೆ ತಾನೇ ಬಂದ್ ಆಗುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ, ಅದರ ಟೆಸ್ಟ್ ಗುಂಡಿ ಆಗಾಗ ಒತ್ತಿ ನೋಡಿ. ಇಷ್ಟನ್ನು ದಯವಿಟ್ಟು ಮಾಡಿ.

ನೀರಿನ ವಿಷಯ ಮಾತ್ರ ಚಿಕ್ಕದಲ್ಲ. ನಮ್ಮ ಅವಳಿ ನಗರಕ್ಕೆ ಮಲಪ್ರಭೆಯ ನೀರು ಸವದತ್ತಿಯ ರೇಣುಕಾಸಾಗರ ಜಲಾಶಯದಿಂದ ಬರುತ್ತದೆ. ನೀರಸಾಗರ ಕೆರೆಯೂ ಇದೆ. ಕೆಲವು ಬಡಾವಣೆಗಳಿಗೆ ದಿನದ 24 ತಾಸೂ ಬರುತ್ತದೆ. ಉಳಿದ ಕಡೆ ನಳ ಬರುವ ದಿನವೇ ಒಂದು ಹಬ್ಬ. ಅದಕ್ಕೇ ಎಲ್ಲ ಮನೆಯಲ್ಲೂ ದೊಡ್ಡ ದೊಡ್ಡ ಸಂಪು, ಟಾಕಿ, ಬ್ಯಾರಲ್. ಎರಿ ನೆಲದಲ್ಲಿ ಹೂತ ಸಂಪಿನ ಗೋಡೆಯೂ ಸೀಳುತ್ತದೆ. ಸಂಪು ಸೋರಿದರೆ ಆ ನೀರು ನೇರ ಬುನಾದಿಯ ಮಣ್ಣಿಗೆ. ಯಾರಿಗೂ ಕಾಣುವುದಿಲ್ಲ.

ಹಾಗಾಗಿ ನಾನು ಎರಡನೇ ಸಲ ಮನೆ ನೋಡಲು ನಳ ಬರುವ ದಿನವೇ ಹೋಗುತ್ತೇನೆ. ಸಂಪು ತುಂಬಿದ ಮೇಲೆ ಕೋಲಿನಿಂದ ಅಳೆದು, ಮೋಟಾರ್ ಹಚ್ಚಬೇಡಿ ಅಂತ ಹೇಳಿ, ಮರುದಿನ ಬೆಳಿಗ್ಗೆ ಮತ್ತೆ ಅಳೆಯುತ್ತೇನೆ. ನಾಲ್ಕು ಬೆರಳು ಇಳಿದಿದ್ದರೆ ಎಲ್ಲಿಗೋ ಹೋಗಿದೆ ಅಂತ ಅರ್ಥ. ಅವತ್ತು ಓಣಿಯ ಹೆಂಗಸರೆಲ್ಲ ಹೊರಗಿರುತ್ತಾರೆ. ಯಾರ ಮನೆಗೆ ನೀರು ಜೋರಾಗಿ ಬರುತ್ತದೆ, ಯಾರ ನಳ ಕೊನೆಗೆ ಹನಿಯುತ್ತದೆ, ಯಾರ ಮಗಳ ಸೀಮಂತ, ಯಾರು ಮನೆ ಮಾರುತ್ತಿದ್ದಾರೆ, ಎಲ್ಲ ಕೊಡ ತುಂಬುವಷ್ಟರಲ್ಲಿ ಗೊತ್ತಾಗುತ್ತದೆ. ನಾನು ಹೆಣ್ಣಾಗಿರುವುದರಿಂದ ಅಡುಗೆಮನೆಯ ತನಕ ಹೋಗುತ್ತೇನೆ. ಗೋಡೆ ಎಲ್ಲಿ ಹಸಿ ಹಿಡಿಯುತ್ತದೆ ಅನ್ನುವುದು ಅಲ್ಲಿ ನಿಂತು ರೊಟ್ಟಿ ಬಡಿಯುವವರಿಗೆ ಗೊತ್ತಿರುತ್ತದೆ. ಅವರನ್ನು ಯಾವ ಗಂಡಸು ಇಂಜಿನಿಯರೂ ಕೇಳಿರುವುದಿಲ್ಲ.

ಗಣಪತಿ ಹಬ್ಬದಲ್ಲಿ ನಡೆದ ಒಂದು ಸಂಗತಿ ಹೇಳಲೇಬೇಕು. ಹಳೇ ಹುಬ್ಬಳ್ಳಿಯ ಒಂದು ಓಣಿಗೆ ಬೇರೆ ಮನೆ ನೋಡಲು ಹೋಗಿದ್ದೆ. ಎದುರಿನ ಮನೆಯ ಮೊದಲ ಮಹಡಿಯಲ್ಲಿ ಬಾಲ್ಕನಿ. ಅದರ ಅಡಿಯಲ್ಲಿ ಗಿಲಾಯಿ ಉದುರಿ ಸಳಿ ಕಾಣುತ್ತಿತ್ತು. ಗೋಡೆಯಿಂದ ಮುಂದೆ ಚಾಚಿದ ಬಾಲ್ಕನಿಗೆ ಮುಖ್ಯ ಸಳಿ ಸ್ಲ್ಯಾಬ್‌ನ ಮೇಲ್ಭಾಗದಲ್ಲಿರಬೇಕು. ಕಾಂಕ್ರೀಟ್ ಹಾಕುವಾಗ ಕೆಲಸದವರು ಅದರ ಮೇಲೇ ಓಡಾಡಿದರೆ ಸಳಿ ಕೆಳಗೆ ಒತ್ತಿಹೋಗುತ್ತದೆ. ಆಗ ಬಾಲ್ಕನಿಗೆ ಬಲವೇ ಇರುವುದಿಲ್ಲ. ನಾನು ಕೇಳಿಕೊಂಡು ಮೇಲೆ ಹೋಗಿ ನೋಡಿದೆ. ಗೋಡೆ ಮತ್ತು ಬಾಲ್ಕನಿ ಕೂಡುವ ಕಡೆ, ನೆಲದ ಮೇಲೆ ಉದ್ದಕ್ಕೂ ಒಂದು ಸೀಳು. ಅದರೊಳಗೆ ಮಳೆ ನೀರು ಇಳಿದ ಗುರುತು.

ಹನ್ನೊಂದನೇ ದಿನದ ಮೆರವಣಿಗೆ ಅದೇ ಓಣಿಯಿಂದ ಹಾದುಹೋಗುತ್ತದೆ. ಅವತ್ತು ಆ ಬಾಲ್ಕನಿಯಲ್ಲಿ ಇಪ್ಪತ್ತು ಜನ ನಿಲ್ಲುತ್ತಾರೆ. ಕೆಳಗೆ ಡೊಳ್ಳು, ಹುಡುಗರ ಕುಣಿತ, ನೂರಾರು ಮಂದಿ. ನನಗೆ ಕೈಕಾಲು ತಣ್ಣಗಾಯಿತು. ಮನೆಯ ಹಿರಿಯರಿಗೆ ಹೇಳಿದೆ. "ಮೂವತ್ತು ವರ್ಷದಿಂದ ಇಲ್ಲೇ ನಿಂತ ನೋಡೇವ್ರೀ" ಅಂತ ಸಿಟ್ಟಾದರು. ಪೆಂಡಾಲಿನ ಹುಡುಗರ ಹತ್ತಿರ ಹೋದೆ. ಅವರನ್ನು ಮೇಲೆ ಕರೆದುಕೊಂಡು ಹೋಗಿ, ಸೀಳಿನಲ್ಲಿ ಸ್ಕೇಲ್ ಇಳಿಸಿ ತೋರಿಸಿದೆ. ಒಬ್ಬ ಹುಡುಗ ಏನೂ ಮಾತಾಡದೆ ಕೆಳಗೆ ಹೋಗಿ ಹಗ್ಗ ತಂದ. "ಅಕ್ಕಾರ, ಎಲ್ಲಿ ಕಟ್ಟಬೇಕ ಹೇಳ್ರಿ" ಅಂದ. ಬಾಗಿಲಿಗೆ ಹಗ್ಗ ಕಟ್ಟಿದೆವು. ಬಾಲ್ಕನಿಯ ಕೆಳಗೂ ಯಾರೂ ನಿಲ್ಲದ ಹಾಗೆ ಬಿದಿರು ಅಡ್ಡ ಇಟ್ಟರು. ಮನೆಯ ಹಿರಿಯರಿಗೂ ಹೆಂಗಸರಿಗೂ ಎದುರಿನ ಕಟ್ಟೆಯ ಮೇಲೆ ಕುರ್ಚಿ ಹಾಕಿದರು. ಅವತ್ತು ರಾತ್ರಿ ನಾನೂ ಅಲ್ಲೇ ನಿಂತಿದ್ದೆ. ಗಣಪತಿ ಬಂದಾಗ ರಾತ್ರಿ ಎರಡು ಗಂಟೆ. ಆರತಿ ತಟ್ಟೆಯನ್ನು ಆ ಹಿರಿಯರು ನನ್ನ ಕೈಗೂ ಕೊಟ್ಟರು. ದೀಪಾವಳಿಗೆ ಮುಂಚೆಯೇ ಬಾಲ್ಕನಿ ಒಡೆಸಿದರು.

ನನ್ನ ತಾಯಿಯ ಊರು ನವಲಗುಂದ ತಾಲೂಕಿನಲ್ಲಿದೆ. ಅಲ್ಲಿ ಮೇಲ್ಮುದ್ದಿ ಮನೆಗಳು. ಮಣ್ಣಿನ ದಪ್ಪ ಗೋಡೆ, ಕಟ್ಟಿಗೆ ಕಂಬ, ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ನಮ್ಮಜ್ಜ ಪ್ರತಿ ವರ್ಷ ಮಳೆಗೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕಿಸಿ ತುಳಿಸುತ್ತಿದ್ದರು. ಮನೆ ಅಂದರೆ ವರ್ಷಕ್ಕೊಮ್ಮೆ ನೋಡಿಕೊಳ್ಳಬೇಕು ಅನ್ನುವುದು ಅವರಿಗೆ ಉಸಿರಾಟದಷ್ಟೇ ಸಹಜವಾಗಿತ್ತು. 2019ರ ಆಗಸ್ಟ್ ಮಳೆಗೆ ಧಾರವಾಡ, ಗದಗ, ಹಾವೇರಿ ಕಡೆ ಇಂಥ ಮನೆಗಳು ಬಹಳ ಬಿದ್ದವು. ನಮ್ಮ ಸೋದರಮಾವನ ಮನೆಯ ಹಿತ್ತಲ ಗೋಡೆಯೂ ಕೂತಿತು. ನಾನು ಹೋಗಿ ನೋಡಿದೆ. ಗಟ್ಟಿಯಾಗಲಿ ಅಂತ ಐದಾರು ವರ್ಷದ ಹಿಂದೆ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾಯಿ ಮಾಡಿಸಿದ್ದರು. ಮಣ್ಣಿನ ಗೋಡೆ ಉಸಿರಾಡಬೇಕು. ಹಸಿ ಹೊರಗೆ ಹೋಗಲು ದಾರಿ ಬೇಕು. ಸಿಮೆಂಟ್ ಆ ದಾರಿ ಮುಚ್ಚಿತ್ತು. ಒಳಗೊಳಗೇ ನೆನೆದು ಗೋಡೆ ಕುಸಿದಿತ್ತು. ಸಗಣಿ, ಮಣ್ಣಿನಿಂದ ಸಾರಿಸುತ್ತಿದ್ದ ಮುಂದಿನ ಪಡಸಾಲೆಯ ಗೋಡೆ ನಿಂತಿತ್ತು. ಮಣ್ಣಿನ ಮನೆ ಇರುವವರು ಇದನ್ನು ಓದುತ್ತಿದ್ದರೆ, ಅದರ ಮೇಲೆ ಸಿಮೆಂಟ್ ಹಚ್ಚಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಮತ್ತೆ ಅಮಾವಾಸ್ಯೆಯ ಬೆಳಿಗ್ಗೆ. ಮಾಲೀಕರೇ ಬಾಗಿಲು ತೆಗೆದರು. ಒಳಗೆ ಹೋಳಿಗೆಯ ಹೂರಣದ ವಾಸನೆ. ಟೀಚರ್ ಮತ್ತು ಅವರ ಯಜಮಾನರು ನನಗಿಂತ ಮೊದಲೇ ಬಂದಿದ್ದರು. ನಡುಮನೆಯ ಗಾಜು ಹಾಕಿದ ಹಾಗೇ ಇತ್ತು, ತಾರೀಖಿನ ಅಕ್ಷರ ಕೂಡ ಮಾಸಿರಲಿಲ್ಲ. ಹಿಂದಿನ ಕೋಣೆಯಲ್ಲಿ ಗಾಜು ನಡುವೆ ಸೀಳಿತ್ತು. ಎರಡು ತುಂಡೂ ಗೋಡೆಗೇ ಅಂಟಿಕೊಂಡಿದ್ದವು. ಮೊಳೆಯಿಂದ ಮೊಳೆಗೆ ಅಳೆದೆ. ಒಂದು ಮಿಲಿಮೀಟರ್ ಜಾಸ್ತಿಯಾಗಿತ್ತು.

ಮಾಲೀಕರು ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ಸೀಳಿದ ಗಾಜನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದರು. "ಅಂದ್ರ ಮನಿ ಬೀಳತೈತೇನ್ರಿ?" ಅಂತ ಕೇಳಿದರು. ಅವರ ಧ್ವನಿ ನಡುಗುತ್ತಿತ್ತು.

ಬೀಳುವುದಿಲ್ಲ ಅಂದೆ. ಹೊರಗೆ ಕರೆದುಕೊಂಡು ಹೋಗಿ ಕೆಸುವಿನ ಗಿಡ ತೋರಿಸಿದೆ. ಬಚ್ಚಲಿನ ಪೈಪು ನೆಲದೊಳಗೆ ಒಡೆದಿರಬೇಕು. ಆ ಮೂಲೆಗೆ ವರ್ಷವಿಡೀ ನೀರು ಹೋಗುತ್ತಿದೆ. ಅದಕ್ಕೆ ಮಳೆ ಸೇರಿದರೆ ಆ ಮೂಲೆ ಮಾತ್ರ ಜಾಸ್ತಿ ಏಳುತ್ತದೆ. ಮೊದಲು ಅಗೆದು ಪೈಪು ಬದಲಿಸಬೇಕು. ಗೋಡೆಯ ಬುಡದಲ್ಲಿ ನೀರು ಇಂಗದ ಹಾಗೆ ಕಾಂಕ್ರೀಟ್ ಹಾಸಬೇಕು. ಅಗೆದಾಗ ಬುನಾದಿ ಎಷ್ಟು ಆಳ ಇದೆ ಅಂತಲೂ ಗೊತ್ತಾಗುತ್ತದೆ. ಅದನ್ನು ನೋಡಿದ ಮೇಲೆಯೇ ಮುಂದಿನ ಮಾತು. ಬಿರುಕನ್ನು ಈಗ ತುಂಬುವುದು ಬೇಡ, ಒಂದು ಬೇಸಿಗೆ ಒಂದು ಮಳೆಗಾಲ ಪೂರ್ತಿ ನೋಡಬೇಕು ಅಂದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಾಲೀಕರು, "ಪೈಪಿಂದು, ಕಾಂಕ್ರೀಟಿಂದು ಖರ್ಚು ನಂದು" ಅಂದರು. ಟೀಚರ್ ಗಂಡನ ಮುಖ ನೋಡಿದರು. "ನಾವೂ ಕಾಯ್ತೀವ್ರೀ ಕಾಕಾ. ದಸರಾ ತನಕ ಕಾಯ್ತೀವಿ" ಅಂದರು ಆತ. ಪೂರ್ತಿ ವರ್ಷ ನೋಡುವುದೇ ಸರಿ ಅಂತ ನಾನು ಮತ್ತೆ ಹೇಳಿದೆ. ಅದನ್ನು ರಿಪೋರ್ಟ್‌ನಲ್ಲೂ ಬರೆದಿದ್ದೇನೆ. ತೀರ್ಮಾನ ಅವರದು.

ಗವಂಡಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅಮಾವಾಸ್ಯೆಯ ದಿನ ನೆಲಕ್ಕೆ ಸಲಿಕೆ ಹಾಕುವುದು ಬೇಡ ಅಂತ ಅಜ್ಜಿ ಗೋಡೆಯಾಚೆಯಿಂದಲೇ ಹೇಳಿದರು. ನಾಡಿದ್ದು ಬೆಳಿಗ್ಗೆ ಏಳೂವರೆಗೆ ಅಂತ ಗೊತ್ತಾಯಿತು. ಒಡೆದ ಗಾಜು ತೆಗೆದು, ಅದೇ ಜಾಗ ಒರೆಸಿ, ಹೊಸ ಪಟ್ಟಿ ಇಟ್ಟೆ. ಪ್ಲಾಸ್ಟರ್ ಕಲೆಸಿಕೊಟ್ಟವರು ಟೀಚರ್. ಪೆನ್ಸಿಲಿನಿಂದ ತಾರೀಖು ಬರೆದವರು ಮಾಲೀಕರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಮಣ್ಣೆತ್ತಿನ ಅಮಾಸಿ, ಅಂತಲೂ ಬರೆದರು.